ಇಲಿಯಕ್ಕನ ಕೈಗುಣ

ತಟ್ಟೆಯ ಗುಳಿಗಳೆಲ್ಲ ಒಂದೇ ಸಮನೆ ಹಳದಿಯಾಗಿಬಿಟ್ಟವು.

ಇಲಿಯಕ್ಕ ಕನ್ನಡಕ ತೆಗೆದು, ಬಿಳಿ ಕೋಟಿನ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು. ಕನ್ನಡಕದ ತಪ್ಪೇನೂ ಇರಲಿಲ್ಲ. ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆ, ಅದರ ತುಂಬ ಸಾಲುಸಾಲು ಪುಟ್ಟ ಗುಳಿಗಳು, ಒಂದೊಂದರಲ್ಲೂ ಒಂದೊಂದು ಇಲಿಯ ಮಿದುಳಿನಿಂದ ತೆಗೆದ ಸಾರ. ನರಕೋಶಗಳನ್ನು ಬೆಳೆಸುವ, ಅವು ಸೊರಗದಂತೆ ಕಾಯುವ ಒಂದು ಪ್ರೋಟೀನು ಮಿದುಳಿನಲ್ಲಿರುತ್ತದೆ. ಅದು ಹೆಚ್ಚಿದ್ದ ಗುಳಿ ಗಾಢ ಹಳದಿಯಾಗುತ್ತದೆ, ಕಡಿಮೆಯಿದ್ದದ್ದು ಪೇಲವವಾಗಿ ಉಳಿಯುತ್ತದೆ. ಅರ್ಧದಷ್ಟು ಇಲಿಗಳಿಗೆ ಎಣ್ಣೆಯಲ್ಲಿ ಕರಗಿಸಿದ ಕ್ಯಾನಬಿಡಿಯಾಲ್ ಎಂಬ ಔಷಧಿಯ ಸೂಜಿ, ಇನ್ನರ್ಧಕ್ಕೆ ಬರೀ ಎಣ್ಣೆಯ ಸೂಜಿ. ಯಾವ ಗುಳಿ ಯಾವ ಇಲಿಯದೆಂಬ ಗುರುತನ್ನು ಬಿಚ್ಚಿ ನೋಡುವ ಅಗತ್ಯವೂ ಇರಲಿಲ್ಲ. ಬರೀ ಎಣ್ಣೆಯ ಇಲಿಗಳ ಗುಳಿಗಳಾದರೂ ಪೇಲವವಾಗಬೇಕಿತ್ತಲ್ಲ! ಒಂದೂ ಆಗಿರಲಿಲ್ಲ.

ಅವಳಿಗೆ ಡಾಕ್ಟರೇಟ್ ಇದೆ. ಅದರ ಪತ್ರಕ್ಕೆ ಗಾಜು ಹಾಕಿಸಿ ಅಮ್ಮ ದಿನಾ ಬೆಳಗ್ಗೆ ಒರೆಸುತ್ತಾಳೆ. ಆದರೂ ಆ ಕಟ್ಟಡದಲ್ಲಿ ಗೇಟಿನ ಕಾವಲುಗಾರನಿಂದ ಹಿಡಿದು ಎಲ್ಲರ ಬಾಯಲ್ಲೂ ಅವಳು ಇಲಿಯಕ್ಕನೇ. ಬೇರೆ ಯಾರಾದರೂ ಆಗಿದ್ದರೆ ಮುಖ ಸಿಂಡರಿಸುತ್ತಿದ್ದರೇನೋ. ಇವಳಿಗೆ ಆ ಹೆಸರೆಂದರೆ ಹಿಗ್ಗು. ಇಷ್ಟು ವರ್ಷದಲ್ಲಿ ಒಂದೇ ಒಂದು ಇಲಿ ಅವಳನ್ನು ಕಚ್ಚಿಲ್ಲ. ಬೇರೆಯವರ ಬೆರಳಿಗೆ ಪಟ್ಟಿ ಸುತ್ತಿರುವುದನ್ನು ಕಂಡಾಗಲೆಲ್ಲ ಅವಳು ತನ್ನ ಕೈಗಳನ್ನು ಒಮ್ಮೆ ಹಾಗೇ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಜಂಬವೇ? ಜಂಬವೇ ಅನ್ನಿ, ಅವಳಂತೂ ಅದನ್ನು ಮುಚ್ಚಿಡುತ್ತಿರಲಿಲ್ಲ.

"ಏನಕ್ಕಾ, ತಟ್ಟೆ ಮುಂದೆ ಧ್ಯಾನ ಮಾಡ್ತಿದೀರಾ?" ಎನ್ನುತ್ತ ಪಕ್ಕದ ಮೇಜಿನ ಸಹೋದ್ಯೋಗಿ ಬಂದ. ಅವನನ್ನು ಎಲ್ಲರೂ ಗಡಿಬಿಡಿ ಎಂದೇ ಕರೆಯುತ್ತಿದ್ದರು. ಬಾಗಿಲು ತೆಗೆಯುವ ಮೊದಲೇ ಒಳಗೆ ಕಾಲಿಡುವ ಜಾತಿ. ಅವನ ಎಡಗೈಯ ಎರಡು ಬೆರಳಿಗೆ ಪಟ್ಟಿ ಇತ್ತು. ತಟ್ಟೆ ನೋಡಿದ್ದೇ ಅವನ ನಗು ಅರ್ಧಕ್ಕೆ ನಿಂತಿತು.

ಅವನ ನಗು ನಿಲ್ಲಲು ಕಾರಣವಿತ್ತು. ಮೊದಲ ಸುತ್ತಿನ ಪ್ರಯೋಗ ಮಾಡಿದ್ದವನು ಅವನೇ. ಆಗ ಔಷಧಿಯ ಇಲಿಗಳು ಗಾಢ ಹಳದಿ, ಎಣ್ಣೆಯ ಇಲಿಗಳು ಪೇಲವ, ಕಣ್ಣು ಮುಚ್ಚಿಕೊಂಡು ಹೇಳಬಹುದಾದಷ್ಟು ವ್ಯತ್ಯಾಸ. ಪ್ರಯೋಗಾಲಯಕ್ಕೆ ಅಂದು ಸಂಭ್ರಮವೋ ಸಂಭ್ರಮ. ಈ ಕೆಲಸ ಮುಂದುವರಿಯಬೇಕೋ ಬೇಡವೋ ಎಂದು ತೀರ್ಮಾನಿಸುವ ಹೊರಗಿನ ಪರಿಣತರ ಸಭೆ ಈಗ ಮುಂದಿನ ವಾರವಿತ್ತು. ಅಷ್ಟರೊಳಗೆ ಬೇರೆ ಕೈಯಿಂದ ಇನ್ನೊಂದು ಸಲ ಮಾಡಿಸಿದರೆ ಮಾತು ಗಟ್ಟಿಯಾಗುತ್ತದೆಂದು ಪ್ರಯೋಗಾಲಯದ ಮುಖ್ಯಸ್ಥೆ ದೊಡ್ಡ ಮೇಡಂ ಎರಡನೇ ಸುತ್ತನ್ನು ಇಲಿಯಕ್ಕನಿಗೆ ಒಪ್ಪಿಸಿದ್ದರು. ಆ ಗಟ್ಟಿಯಾಗಬೇಕಾದ ಮಾತು ಈಗ ತಟ್ಟೆಯಲ್ಲಿ ಕೂತು ಅಣಕಿಸುತ್ತಿತ್ತು.

ದೊಡ್ಡ ಮೇಡಂ ಬಂದರು. ಕೆಟ್ಟವರೇನಲ್ಲ. ತಮ್ಮ ಕೆಳಗಿನವರ ಹೆಸರನ್ನು ತಮ್ಮ ಹೆಸರಿಗಿಂತ ಮೊದಲು ಬರೆಸುವವರು. ಆದರೆ ಈ ಔಷಧಿಯ ಹಿಂದೆ ಬಿದ್ದು ತಲೆ ನೆರೆಸಿಕೊಂಡವರು ಕೂಡ. ಗಾಂಜಾ ಗಿಡದಿಂದ ಬಂದರೂ ಅಮಲೇರಿಸದ ಈ ವಸ್ತುವನ್ನು ಪ್ರಯೋಗಾಲಯಕ್ಕೆ ತರಿಸಲು ಅವರು ಹತ್ತದ ಮೆಟ್ಟಿಲಿಲ್ಲ, ಕೇಳದ ಕೊಂಕಿಲ್ಲ. ಅವರು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಯಂತ್ರದಲ್ಲಿಟ್ಟು ಓದಿಸಿದರು. ಗುರುತು ಬಿಚ್ಚಿಸಿದರು. ಎಣ್ಣೆಯ ಇಲಿಗಳೂ ಔಷಧಿಯ ಇಲಿಗಳೂ ಸರಿಸಮ.

"ಔಷಧಿ ಹಳೇದಾಗಿತ್ತಾ?"

"ಇಲ್ಲ ಮೇಡಂ. ಮೊದಲ ಸುತ್ತಲ್ಲಿ ಬಳಸಿದ ಶೀಶೆಯೇ."

"ಹಾಗಾದ್ರೆ ಎಣ್ಣೆಯ ಇಲಿಗಳು ಇಷ್ಟು ಹಳದಿ ಹೇಗಾದ್ವು?"

ಮಾತು ತಿಳಿಯಾಗಲಿ ಎಂದುಕೊಂಡನೋ ಏನೋ, ಗಡಿಬಿಡಿ ನಡುವೆ ಬಾಯಿ ಹಾಕಿದ. "ಅಕ್ಕನ ಇಲಿಗಳಿಗೆ ಕಷ್ಟ ಅಂದ್ರೇನು ಅಂತ್ಲೇ ಗೊತ್ತಿಲ್ಲ ಮೇಡಂ. ಸೂಜಿಗೆ ಮುಂಚೆ ಅಂಗೈ ಮೇಲೆ ಸುಖಾಸನ, ಸೂಜಿ ಆದ್ಮೇಲೆ ಕೋಟಿನ ಜೇಬಲ್ಲಿ ಸವಾರಿ!"

ಅವನೇ ನಕ್ಕ. ಮೇಡಂ ನಗಲಿಲ್ಲ.

"ಜೇಬಲ್ಲಾ?"

ಇಲಿಯಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಇಲಿಯನ್ನು ಪಂಜರದಿಂದ ಎತ್ತಿ ಸುಮ್ಮನೆ ಅಂಗೈ ಮೇಲೆ ಬಿಟ್ಟುಕೊಳ್ಳುತ್ತಾಳೆ. ಅದರ ಉಸಿರು ನಿಧಾನವಾಗುವ ತನಕ ಸೂಜಿ ಮುಟ್ಟುವುದಿಲ್ಲ. ಚುಚ್ಚಿದ ಮೇಲೆ ಸ್ವಲ್ಪ ಹೊತ್ತು ಜೇಬಿನ ಕತ್ತಲೆಯಲ್ಲಿ ಕೂರಿಸಿ ಆಮೇಲೆ ಪಂಜರಕ್ಕೆ ಬಿಡುತ್ತಾಳೆ. ಔಷಧಿಗೂ ಹಾಗೆಯೇ, ಎಣ್ಣೆಗೂ ಹಾಗೆಯೇ. ಮೊದಲಿನಿಂದಲೂ ಅವಳ ರೀತಿ ಅದೇ, ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಕೆಲಸದ ಕ್ರಮದಲ್ಲಿ ಬರೆದಿದ್ದದ್ದು ಇಷ್ಟೇ: ಎತ್ತಿ, ಚುಚ್ಚಿ, ಬಿಡಿ.

ಮೇಡಂ ತಟ್ಟೆಯನ್ನು ಮೇಜಿನ ಮೇಲಿಟ್ಟರು. "ಅಂದ್ರೆ ಕೆಟ್ಟಿರೋದು ನಿಮ್ಮ ಕೈಯಿಂದ. ಮುದ್ದು ಮಾಡಿದ ಪ್ರಾಣಿಯ ಮಿದುಳು ಬೇರೆ ಥರ ಇರುತ್ತೆ ಅಂತ ನಿಮಗೆ ನಾನು ಹೇಳ್ಕೊಡ್ಬೇಕಾ? ಈ ಸುತ್ತನ್ನ ಪಕ್ಕಕ್ಕಿಡೋಣ. ಸಭೇಲಿ ಮೊದಲನೇದನ್ನ ಹೇಳ್ತೀನಿ. ಎರಡನೇದು ಪ್ರಾಣಿಗಳನ್ನ ಹಿಡಿಯೋದ್ರಲ್ಲಿ ತಪ್ಪಾಗಿ ಕೆಟ್ಟೋಯ್ತು ಅಂತ ನೀವೇ ಒಂದು ಮಾತು ಹೇಳ್ಬಿಡಿ."

ಕೈಯಿಂದ ಕೆಟ್ಟಿತು. ಇಲಿಯಕ್ಕನ ಕಿವಿ ಬಿಸಿಯಾಯಿತು. ಅವಳು ಬೇರೆ ಯಾವ ಮಾತನ್ನಾದರೂ ನುಂಗಿಕೊಳ್ಳುತ್ತಿದ್ದಳು.

*

ಮನೆಗೆ ಬಂದವಳ ಮುಖ ನೋಡಿಯೇ ಅಮ್ಮ ಟಿ.ವಿ. ಆರಿಸಿದಳು. ಅಮ್ಮ ಆರೋಗ್ಯ ಕೇಂದ್ರದಲ್ಲಿ ನರ್ಸಾಗಿದ್ದವಳು. ಅರ್ಧ ಊರಿನ ಮಕ್ಕಳ ತೋಳಿಗೆ ಚುಚ್ಚಿ ಚುಚ್ಚಿ ಸೂಜಿಯಮ್ಮ ಎಂದು ಹೆಸರಾದವಳು. ಮೀಸೆ ಬಂದ ಗಂಡಸರು ಈಗಲೂ ರಸ್ತೆಯಲ್ಲಿ ನಿಲ್ಲಿಸಿ, "ಸೂಜಿಯಮ್ಮಾ, ನಿಮ್ಮ ಕೈಲಿ ನೋವೇ ಆಗ್ತಿರ್ಲಿಲ್ಲ" ಎನ್ನುವುದುಂಟು. ಅಂಥ ದಿನ ಅಮ್ಮ ನಡೆಯುವ ಗತ್ತೇ ಬೇರೆ.

"ಯಾರು ಏನಂದ್ರು?"

ಮಗಳು ಹೇಳಿದಳು. ಅಮ್ಮನಿಗೆ ಹಳದಿ, ಗುಳಿ, ಪ್ರೋಟೀನು ಯಾವುದೂ ಬೇಕಿರಲಿಲ್ಲ. ಆ ಪ್ರೋಟೀನಿಗೆ ಅವಳು ಎಂದೋ 'ಮಿದುಳಿನ ಗೊಬ್ಬರ' ಎಂದು ಹೆಸರಿಟ್ಟು, ನನ್ನ ಮಗಳು ಮಿದುಳಿಗೆ ಗೊಬ್ಬರ ಹಾಕುವ ಕೆಲಸದಲ್ಲಿದ್ದಾಳೆ ಎಂದು ಬೀದಿಯೆಲ್ಲ ಸಾರಿ ಮುಗಿಸಿದ್ದಳು. ಗಾಂಜಾ ಗಿಡದ ವಿಷಯ ಮಾತ್ರ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಅವಳಿಗೆ ನಾಟಿದ್ದು ಒಂದೇ ಮಾತು.

"ಕೈಯಿಂದ ಕೆಟ್ಟಿತು ಅಂದ್ರಾ? ನನ್ನ ಮಗಳ ಕೈಗೆ ಹೆಸರಿಡೋಕೆ ಅವ್ರ್ಯಾರೇ? ಅದು ನನ್ನ ಕೈ ಕಣೇ! ನಾಳೆ ನಾನೇ ಬರ್ತೀನಿ ನಿಮ್ಮ ಆಫೀಸಿಗೆ."

"ಬಂದು?"

"ಎಲ್ರಿಗೂ ಒಂದೊಂದು ಸೂಜಿ ಹಾಕ್ತೀನಿ. ಆಗ ಗೊತ್ತಾಗುತ್ತೆ ಕೈ ಅಂದ್ರೇನು ಅಂತ."

ಇಲಿಯಕ್ಕನಿಗೆ ಬೇಡವೆಂದರೂ ನಗು ಬಂತು. ಅಮ್ಮನ ಇನ್ಸುಲಿನ್ನಿನ ಹೊತ್ತಾಗಿತ್ತು. ಊರಿಗೆಲ್ಲ ಸೂಜಿ ಹಾಕಿದ ಈ ಧೀರೆಗೆ ತನಗೆ ಹಾಕಿಸಿಕೊಳ್ಳುವುದೆಂದರೆ ಜೀವ ಬಾಯಿಗೆ ಬರುತ್ತದೆ. ಗೋಡೆಯ ಕಡೆ ಮುಖ ತಿರುಗಿಸಿ, ಸೀರೆಯ ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡು ಕೂರುತ್ತಾಳೆ. ಮಗಳು ಅಮ್ಮನ ತೋಳನ್ನು ಅಂಗೈಯಲ್ಲಿ ಹಿಡಿದು ಕಾದಳು. ಬಿಗಿದಿದ್ದ ತೋಳು ಮೆಲ್ಲಗೆ ಸಡಿಲವಾಯಿತು. ಆಮೇಲೆ ಚುಚ್ಚಿದಳು.

"ಅಷ್ಟು ಮುದ್ದು ಮಾಡಿ ಆಮೇಲೆ ಅವುಗಳನ್ನ ಕೊಲ್ಲೋದೂ ನೀನೇ ಅಲ್ವಾ?" ಅಮ್ಮ ಹಲ್ಲಿನಿಂದ ಸೆರಗು ಬಿಡಿಸಿಕೊಂಡು ಗೋಡೆಗೇ ಕೇಳಿದಳು. ಇದು ಅವಳು ಹಿಂದೆಯೂ ಕೇಳಿದ ಪ್ರಶ್ನೆ.

"ಅದಕ್ಕೇ ಅಮ್ಮ. ಕೊನೇ ದಿನ ಗೊತ್ತಿರೋ ಕೈ ಇರ್ಲಿ ಅಂತ."

ಅಮ್ಮ ಸೆರಗು ಸರಿಮಾಡಿಕೊಂಡು ತನ್ನ ಹಳೆಯ ಆರೋಗ್ಯ ಕೇಂದ್ರದ ಮಾತಿಗೆ ಹೊರಳಿದಳು. "ನಮ್ಮಲ್ಲೂ ಇನ್ನೊಬ್ಬಳಿದ್ಳು. ಮಗು ಸಿಕ್ಕಿದ್ರೆ ಸಾಕು, ಕಾಲು ಹಿಡಿದು ಎಳೆದು ಚುಚ್ಚೋದೇ. ಅವಳ ಕೈಗೆ ಸಿಕ್ಕ ಮಕ್ಕಳು ಬಿಳಿ ಸೀರೆ ಕಂಡ್ರೆ ಸಾಕು, ಬೆಚ್ಚಿಬೀಳೋವು. ಊಟ ಬಿಡೋವು. ಸೊರಗೋವು. ನನ್ನ ಕೈಲಿ ಹಾಕಿಸ್ಕೊಂಡವೇನು ಉಬ್ಬಿ ಆನೆಮರಿ ಆದ್ವಾ? ಇದ್ದ ಹಾಗೇ ಇದ್ವು. ಆಡ್ಕೊಂಡು ಮನೆಗೆ ಹೋಗೋವು, ಅಷ್ಟೇ."

ಮಗಳು ಸೂಜಿಯನ್ನು ಡಬ್ಬಿಗೆ ಹಾಕುತ್ತಿದ್ದವಳು ಅಲ್ಲೇ ನಿಂತಳು. ಹಗಲೆಲ್ಲ ಅವಳೂ ಮೇಡಮ್ಮಿನ ಹಾಗೆಯೇ ಯೋಚಿಸಿದ್ದಳು: ತನ್ನ ಎಣ್ಣೆಯ ಇಲಿಗಳಲ್ಲಿ ಆ ಪ್ರೋಟೀನು ಇಷ್ಟು ಏರಿದ್ದು ಹೇಗೆ? ಅದು ಏರಿಯೇ ಇರದಿದ್ದರೆ? ಅವು ಇಲಿಗಳು ಇರಬೇಕಾದ ಹಾಗೆಯೇ ಇದ್ದು, ಗಡಿಬಿಡಿಯ ಇಲಿಗಳಲ್ಲೇ ಹೆದರಿಕೆಯಿಂದ ಅದು ಇಳಿದಿದ್ದರೆ? ಹಾಗಿದ್ದರೆ ಔಷಧಿ ಏನನ್ನೂ ಬೆಳೆಸಲಿಲ್ಲ. ಹೆದರಿಕೆ ಕಿತ್ತುಕೊಂಡದ್ದನ್ನು ಹಿಂದಕ್ಕೆ ಕೊಟ್ಟಿತು. ಹೆದರದ ಇಲಿಗೆ ಕೊಡಲು ಅದರ ಬಳಿ ಏನೂ ಇರಲಿಲ್ಲ.

ಅದನ್ನು ತಿಳಿಯುವ ದಾರಿಯೂ ಇತ್ತು. ಎರಡೂ ಸುತ್ತಿನಲ್ಲಿ, ಔಷಧಿ ಎಣ್ಣೆಗಳ ಲೆಕ್ಕದ ಹೊರಗೆ, ಇನ್ನೂ ಕೆಲವು ಇಲಿಗಳಿಗೆ ಸೂಜಿಯೇ ಹಾಕಿರಲಿಲ್ಲ, ಕೈಯಲ್ಲಿ ಎತ್ತಿರಲೂ ಇಲ್ಲ. ಹುಲ್ಲು ಬದಲಿಸಿ ನೀರಿಟ್ಟದ್ದು ಬಿಟ್ಟರೆ ಅವುಗಳ ಪಾಡಿಗೆ ಅವು. ತಟ್ಟೆಯಲ್ಲಿ ಜಾಗ ಸಾಲದೆ ಅವುಗಳ ಸಾರವನ್ನು ಆಮೇಲೆ ನೋಡೋಣವೆಂದು ಫ್ರೀಜರಿಗೆ ತಳ್ಳಿದ್ದರು. ಆಮೇಲೆ ಎನ್ನುವುದು ಬಂದೇ ಇರಲಿಲ್ಲ.

"ಏನೇ, ಹೀಗೆ ನಿಂತುಬಿಟ್ಟೆ?"

"ಏನಿಲ್ಲಮ್ಮ. ನಿನ್ನ ಆನೆಮರಿಗಳನ್ನ ನೆನೆಸ್ಕೊಂಡೆ."

*

"ಒಂದು ತಟ್ಟೆ ಕೊಡಿ ಮೇಡಂ," ಎಂದಳು ಇಲಿಯಕ್ಕ ಮರುದಿನ ಬೆಳಗ್ಗೆ. "ಮುಟ್ಟದ ಇಲಿಗಳು, ಗಡಿಬಿಡಿಯ ಇಲಿಗಳು, ನನ್ನ ಇಲಿಗಳು, ಒಂದೊಂದು ಗುಂಪಿನ ಉಳಿದ ಸಾರದಲ್ಲೂ ಕೆಲವನ್ನೇ ತಗೊಂಡು ಎಲ್ಲಾ ಒಂದೇ ತಟ್ಟೇಲಿ. ಮುಟ್ಟದ ಇಲಿಗಳು ಪೇಲವ ಬಂದ್ರೆ ನನ್ನ ಕೈಯೇ ತಪ್ಪು. ಸಭೇಲಿ ನಾನೇ ಎದ್ದು ನಿಂತು ಹೇಳ್ತೀನಿ."

"ಹಳದಿ ಬಂದ್ರೆ?"

ಇಲಿಯಕ್ಕ ಉತ್ತರ ಕೊಡುವ ಮೊದಲೇ ಮೇಡಮ್ಮಿಗೆ ಅದು ಹೊಳೆದಿತ್ತು. ಅವರು ಕುರ್ಚಿಯಲ್ಲಿ ಒರಗಿದರು. ಮಿದುಳು ಬೆಳೆಸುವ ಔಷಧಿ ಎಂಬ ಮಾತನ್ನು ಅವರು ಮನಸ್ಸಿನಲ್ಲೇ ಕಟ್ಟಿಕೊಂಡಿದ್ದರು. ಸಭೆಗೆ ಚಿತ್ರಗಳೂ ಸಿದ್ಧವಾಗಿದ್ದವು. ಹಳದಿ ಬಂದರೆ ಅದಷ್ಟೂ ಹೋಗುತ್ತಿತ್ತು. ಅವರು ಕಿಟಕಿಯ ಕಡೆ ನೋಡುತ್ತ ಕೂತರು. ಇಲಿಯಕ್ಕ ಕದಲಲಿಲ್ಲ.

"ಸಭೆಗೆ ಮುಂಚೆ ಇದನ್ನ ಕೇಳಿದ್ರಲ್ಲ, ನಿಮಗೆ ಒಂದು ದೊಡ್ಡ ನಮಸ್ಕಾರ," ಎಂದರು ಕೊನೆಗೆ. ದನಿಯಲ್ಲಿ ಸಿಟ್ಟಿತ್ತು. ಆದರೂ ಡ್ರಾಯರಿನಿಂದ ಫ್ರೀಜರಿನ ಬೀಗದ ಕೈ ತೆಗೆದು ಕೊಟ್ಟರು.

ತಟ್ಟೆ ತುಂಬುವವರು ಯಾರು? ಇಲಿಯಕ್ಕ ತುಂಬುವ ಹಾಗಿರಲಿಲ್ಲ. ಅವಳ ಕೈಯೇ ಕಟಕಟೆಯಲ್ಲಿತ್ತು. ಗಡಿಬಿಡಿ ಎದ್ದು ನಿಂತ. "ನಾನು ತುಂಬ್ತೀನಿ. ಗುರುತೆಲ್ಲ ಮೇಡಂ ಹತ್ರ ಇರ್ಲಿ. ಯಾವುದು ಯಾವುದು ಅಂತ ನನಗೂ ಬೇಡ, ಅಕ್ಕನಿಗೂ ಬೇಡ." ಅವನ ಕೈಯೂ ಅದೇ ಕಟಕಟೆಯಲ್ಲಿದೆ ಎಂದು ಅವನಿಗೆ ತಿಳಿಯದೆ ಇರಲಿಲ್ಲ. ತಿಳಿದೇ ಎದ್ದು ನಿಂತಿದ್ದ. ಆ ಗಳಿಗೆಯಲ್ಲಿ ಇಲಿಯಕ್ಕನಿಗೆ ಅವನ ಮೇಲೆ ಹುಟ್ಟಿದ ಅಭಿಮಾನ ಅಷ್ಟಿಷ್ಟಲ್ಲ. ಅವಳು ಅವನ ಬೆರಳಿನ ಪಟ್ಟಿ ಬಿಚ್ಚಿ, ಹೊಸದು ಸುತ್ತಿ, ಮೇಲೆ ಕೈಗವಸು ಹಾಕಿಕೊಳ್ಳಲು ಹೇಳಿದಳು.

ಅವನು ಅಂದು ಗಡಿಬಿಡಿ ಮಾಡಲಿಲ್ಲ. ಒಂದೊಂದು ಗುಳಿಗೂ ಹನಿ ಬಿಟ್ಟು, ಒಮ್ಮೆ ನೋಡಿ, ಮುಂದಿನದಕ್ಕೆ ಹೋದ. ತಟ್ಟೆ ಇಡೀ ರಾತ್ರಿ ತಣ್ಣಗೆ ಕೂತು, ಮಾರನೆಯ ದಿನ ತೊಳೆಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ಎಂದಿನಂತೆ ಮೊದಲು ನೀಲಿಯಾಯಿತು. ನೀಲಿಯನ್ನು ಹಳದಿಗೆ ತಿರುಗಿಸುವ ಕೊನೆಯ ಹನಿಯನ್ನು ಮೇಡಂ ತಾವೇ ಹಾಕಿದರು. ಮೂವರೂ ಮೇಜಿನ ಸುತ್ತ ತಲೆ ಬಗ್ಗಿಸಿ ನಿಂತರು.

ನೀಲಿ ಹೋಗಿ ಹಳದಿ ಬಂತು. ಈ ಸಲ ಎಲ್ಲವೂ ಒಂದೇ ಬಣ್ಣವಿರಲಿಲ್ಲ. ಹೆಚ್ಚಿನವು ಗಾಢ, ನಡುವೆ ಅಲ್ಲಲ್ಲಿ ಚದುರಿದ ಹಾಗೆ ಕೆಲವು ಗುಳಿಗಳು ಮಾತ್ರ ಪೇಲವ. ಮೇಡಂ ಗುರುತು ಬಿಚ್ಚಿ ಪೇಲವ ಗುಳಿಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆದರು. ಎಲ್ಲವೂ ಮೊದಲ ಸುತ್ತಿನ ಎಣ್ಣೆಯ ಇಲಿಗಳೇ. ಎರಡೂ ಸುತ್ತಿನಲ್ಲಿ ಯಾರೂ ಮುಟ್ಟದ ಇಲಿಗಳು ಹಳದಿ. ಗಡಿಬಿಡಿಯ ಔಷಧಿಯ ಇಲಿಗಳು ಹಳದಿ. ಇಲಿಯಕ್ಕನ ಇಲಿಗಳಂತೂ ಔಷಧಿ ಕಂಡವೂ ಹಳದಿ, ಕಾಣದವೂ ಹಳದಿ.

ಇಲಿಯಕ್ಕನ ಎದೆ ಉಬ್ಬಿತು. ಅದನ್ನು ಬೇರೆ ಹೇಗೆ ಹೇಳುವುದು? ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡಳು, ಇಲ್ಲದಿದ್ದರೆ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿಬಿಡುತ್ತಿದ್ದಳೇನೋ.

"ನನ್ನ ಇಲಿಗಳು ಅಷ್ಟು ಹೆದರಿದ್ವಾ?" ಗಡಿಬಿಡಿ ಕೇಳಿದ. ಯಾರನ್ನೂ ನೋಡದೆ ಕೇಳಿದ. ಅವನು ಹೀಗೆ ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ನೀನು ಬರೆದಿದ್ದ ಹಾಗೇ ಮಾಡಿದೀಯ," ಎಂದಳು ಇಲಿಯಕ್ಕ. "ಎತ್ತಿ, ಚುಚ್ಚಿ, ಬಿಟ್ಟಿದೀಯ. ಬರೆದಿದ್ದೇ ಅಷ್ಟು. ನಿನ್ನ ಪೇಲವ ಗುಳಿಗಳಿಲ್ಲದಿದ್ರೆ ಈ ಔಷಧಿ ಏನು ಮಾಡುತ್ತೆ ಅಂತ ನಮಗೆ ಗೊತ್ತೇ ಆಗ್ತಿರ್ಲಿಲ್ಲ."

ಮೇಡಂ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸಂಜೆ ಅವರು ಹೊರಗೆ ಬಂದಾಗ ಸಭೆಯ ಚಿತ್ರಗಳೆಲ್ಲ ಬದಲಾಗಿದ್ದವು.

ಸಭೆಯಲ್ಲಿ ಅವರು ನಿಂತ ರೀತಿಯನ್ನು ಇಲಿಯಕ್ಕ ಆಮೇಲೆ ಅಮ್ಮನಿಗೆ ಎಷ್ಟು ಸಲ ಹೇಳಿದಳೋ. ಒಂದು ಕೈ ಮೇಜಿನ ಮೇಲೂರಿ, ಎದುರಿನ ಹಿರಿತಲೆಗಳನ್ನು ಒಬ್ಬೊಬ್ಬರನ್ನೇ ನೋಡುತ್ತ, "ಇದು ಮಿದುಳು ಬೆಳೆಸೋ ಔಷಧಿ ಅಂತ ಹೇಳೋಕೆ ನಾನು ತಯಾರಾಗಿದ್ದೆ," ಎಂದರು. "ನಮ್ಮ ಇಲಿಗಳಲ್ಲಿ ಅದು ಹಾಗೆ ಮಾಡ್ಲಿಲ್ಲ. ಹೆದರಿಕೆ ತಿಂದುಹಾಕಿದ್ದನ್ನ ತುಂಬಿಕೊಡ್ತು, ಅಷ್ಟೇ. ಹೆದರಿಕೆಯೇ ಇಲ್ಲದ ಕಡೆ ಅದಕ್ಕೆ ಮಾಡೋಕೆ ಕೆಲಸ ಇರ್ಲಿಲ್ಲ. ಇದು ನಮಗೆ ಗೊತ್ತಾಗಿದ್ದು ನನ್ನಿಂದ ಅಲ್ಲ. ನಾನು ಇವರ ಕೈಗೆ ತಪ್ಪು ಹೊರಿಸಿದ್ದೆ." ಆಮೇಲೆ ತಿರುಗಿ, "ಸ್ವಲ್ಪ ಎದ್ದು ನಿಲ್ಲಿ," ಎಂದರು. ಇಲಿಯಕ್ಕ ನಿಂತಳು. ತಲೆ ತಗ್ಗಿಸಬೇಕೆಂದು ಅವಳಿಗೆ ಅನಿಸಲೇ ಇಲ್ಲ.

ಪರಿಣತರಲ್ಲೊಬ್ಬರು, ಹಾಗಾದರೆ ಈ ಔಷಧಿಯ ಕೆಲಸ ಸಣ್ಣದಾಯಿತಲ್ಲ ಎಂದರು. ಹೆದರಿಕೊಂಡೇ ಬದುಕುವವರು ಸಣ್ಣ ಸಂಖ್ಯೆಯಲ್ಲಿಲ್ಲ ಸ್ವಾಮಿ ಎಂದು ಮೇಡಂ ಹೇಳಿದರು. ಕೆಲಸ ಮುಂದುವರಿಯಲಿ ಎಂದು ಪರಿಣತರು ಎದ್ದರು.

ಅಮ್ಮ ಇದನ್ನೆಲ್ಲ ಕೇಳಿ, ನಾಲ್ಕು ಮನೆಯಾಚೆಗೂ ಕೇಳುವ ದನಿಯಲ್ಲಿ, ತನ್ನ ಮಗಳ ಕೈಯೇ ಮಿದುಳಿಗೆ ಗೊಬ್ಬರವೆಂದು ದೊಡ್ಡ ದೊಡ್ಡ ವಿಜ್ಞಾನಿಗಳು ಒಪ್ಪಿದರೆಂದು ಫೋನಿನಲ್ಲಿ ಹೇಳತೊಡಗಿದಳು. ಹಾಗಲ್ಲಮ್ಮ, ಗೊಬ್ಬರ ಅಲ್ಲ ಎಂದು ಮಗಳು ತಿದ್ದಲು ಹೋಗಿ, ಅಮ್ಮನ ಮುಖ ನೋಡಿ ಬಿಟ್ಟುಬಿಟ್ಟಳು.

*

ಮೂರನೆಯ ಸುತ್ತಿಗೆ ಹೊಸ ಇಲಿಗಳು ಬಂದವು. ಕೆಲಸದ ಕ್ರಮದಲ್ಲಿ ಎತ್ತುವುದಕ್ಕೂ ಚುಚ್ಚುವುದಕ್ಕೂ ನಡುವೆ ಮೇಡಂ ಒಂದು ಸಾಲು ಸೇರಿಸಿದ್ದರು: ಉಸಿರು ನಿಧಾನವಾಗುವ ತನಕ ಅಂಗೈಯಲ್ಲಿ ಹಿಡಿದಿರಿ. ಅರ್ಧ ಇಲಿಗಳಿಗೆ ಹಳೆಯ ರೀತಿ, ಅರ್ಧಕ್ಕೆ ಹೊಸದು, ಎರಡೂ ಒಂದೇ ಕೈಯಿಂದ ಆಗಲಿ ಎಂದು ಕೆಲಸವನ್ನು ಗಡಿಬಿಡಿಗೆ ಕೊಟ್ಟಿದ್ದರು.

ಇಲಿಗಳ ಕೋಣೆಯಲ್ಲಿ ಅವನು ಚಾಚಿದ ಅಂಗೈಯೊಡನೆ ನಿಂತಿದ್ದ. ಇಲಿಯಕ್ಕ ಪಂಜರದಿಂದ ಒಂದು ಬಿಳಿ ಇಲಿಯನ್ನು ಎತ್ತಿ ಅಲ್ಲಿ ಬಿಟ್ಟಳು. ಅದು ಅವನ ಹೆಬ್ಬೆರಳಿನ ಬುಡಕ್ಕೆ ಅಂಟಿ ಕುಗ್ಗಿತು. ಪಕ್ಕೆಗಳು ದಡದಡ ಹಾರುತ್ತಿದ್ದವು.

"ಕಚ್ಚುತ್ತೆ ಅಕ್ಕಾ."

"ಕಚ್ಚಲ್ಲ. ಮೊದ್ಲು ನೀನು ಉಸಿರು ಬಿಡು."

ಅವನು ಬಿಟ್ಟ. ಅವಳು ತನ್ನ ಅಂಗೈಯನ್ನು ಅವನ ಅಂಗೈಯ ಕೆಳಗೆ ಒಡ್ಡಿ ಹಿಡಿದಳು. ಗೋಡೆಯಾಚೆ ಯಾರೋ ಅವನನ್ನು ಕೂಗಿದರು; ಫೋನು ಜೇಬಿನಲ್ಲಿ ಎರಡು ಸಲ ಗುಂಯ್‌ಗುಟ್ಟಿ ನಿಂತಿತು. ಗಡಿಬಿಡಿ ಅಲುಗಲಿಲ್ಲ. ಬಹಳ ಹೊತ್ತಿನ ಮೇಲೆ ಇಲಿ ಹೆಬ್ಬೆರಳಿನ ಬುಡದಿಂದ ಈಚೆ ಬಂದು, ಅಂಗೈಯ ನಡುವೆ ಕೂತು, ಮುಂಗಾಲೆರಡನ್ನೂ ಎತ್ತಿ ನಿಧಾನವಾಗಿ ಮುಖ ತೊಳೆದುಕೊಳ್ಳತೊಡಗಿತು.